ಹಂಪ್ ಎತ್ತರ ಇದ್ದಷ್ಟೂ ರಸ್ತೆ ಸುರಕ್ಷಿತವೇ? ನಿಜ ಏನು, ಯಾರನ್ನು ಕೇಳಬೇಕು?

ಓಣಿಯಲ್ಲಿ ಒಂದು ಅಪಘಾತವಾದರೆ ಸಾಕು, ವಾಟ್ಸಾಪ್ ಗುಂಪಿನಲ್ಲಿ ಮೊದಲು ಬರುವ ಬೇಡಿಕೆ ಇದೇ: ‘ಇಲ್ಲೊಂದು ಹಂಪ್ ಹಾಕಿಸಿ. ಎತ್ತರವಾಗಿಯೇ ಇರಲಿ, ಆಗ ಬುದ್ಧಿ ಬರುತ್ತೆ.’ ಬಳ್ಳಾರಿಯ ಬ್ರೂಸ್‌ಪೇಟೆಯಂಥ ಹಳೆಯ ಬಡಾವಣೆಯಲ್ಲಿ ಅಂಗಡಿ, ಆಟೊ, ಬೈಕು, ಶಾಲೆಗೆ ಹೋಗುವ ಮಕ್ಕಳು ಎಲ್ಲರಿಗೂ ಇರುವುದು ಅದೇ ಕಿರಿದಾದ ರಸ್ತೆ. ಅಲ್ಲಿ ಈ ಬೇಡಿಕೆ ಬರುವುದು ಸಹಜ. ಆದರೆ ಅದರೊಳಗೆ ಒಂದು ನಿಜವೂ ಇದೆ, ಎರಡು ತಪ್ಪು ನಂಬಿಕೆಗಳೂ ಇವೆ.

ನಿಜ: ವೇಗ ಇಳಿದರೆ ಜೀವ ಉಳಿಯುತ್ತದೆ

ಒಂದು ಸಣ್ಣ ಲೆಕ್ಕ ನೋಡಿ. ಮಗುವೊಂದು ರಸ್ತೆಗೆ ಓಡಿ ಬಂತು ಎಂದುಕೊಳ್ಳಿ. ಅದನ್ನು ನೋಡಿ ಚಾಲಕ ಬ್ರೇಕ್ ಒತ್ತಲು ಸುಮಾರು 1 ಸೆಕೆಂಡ್ ಬೇಕು. ಗಂಟೆಗೆ 30 ಕಿ.ಮೀ. ವೇಗದ ಕಾರು ಆ ಒಂದು ಸೆಕೆಂಡಿನಲ್ಲಿ 8 ಮೀಟರ್ ಸಾಗುತ್ತದೆ. ರಸ್ತೆ ಒಣಗಿದ್ದು ಬ್ರೇಕ್ ಚೆನ್ನಾಗಿದ್ದರೆ ಇನ್ನೊಂದು 5 ಮೀಟರ್‌ನಲ್ಲಿ ನಿಲ್ಲುತ್ತದೆ. ಒಟ್ಟು 13 ಮೀಟರ್.

ಅದೇ ಕಾರು 50 ಕಿ.ಮೀ. ವೇಗದಲ್ಲಿದ್ದರೆ ಆ ಮೊದಲ ಒಂದು ಸೆಕೆಂಡಿನಲ್ಲೇ 13 ಮೀಟರ್ ದಾಟಿರುತ್ತದೆ. ಅಂದರೆ 30ರ ಕಾರು ಪೂರ್ತಿ ನಿಂತ ಜಾಗದಲ್ಲಿ 50ರ ಕಾರು ಬ್ರೇಕ್ ಹಿಡಿಯುವುದಕ್ಕೂ ಮುಂಚೆ, ಅದೇ ವೇಗದಲ್ಲಿ ಡಿಕ್ಕಿ ಹೊಡೆಯುತ್ತದೆ. ಹಾಗಾಗಿ ವೇಗ ಇಳಿಸಿ ಎಂದು ಕೇಳುವುದು ಸರಿಯಾದ ಬೇಡಿಕೆ. ಹೇಗೆ ಇಳಿಸಬೇಕು ಎಂಬಲ್ಲೇ ಎಡವುತ್ತೇವೆ.

ತಪ್ಪು ನಂಬಿಕೆ 1: ಎತ್ತರ, ಚೂಪು ಇದ್ದಷ್ಟೂ ಒಳ್ಳೆಯದು

ಇದನ್ನು 1970ರ ದಶಕದ ಆರಂಭದಲ್ಲಿ ಬ್ರಿಟನ್ನಿನ ಸಾರಿಗೆ ಮತ್ತು ರಸ್ತೆ ಸಂಶೋಧನಾ ಪ್ರಯೋಗಾಲಯ ಪರೀಕ್ಷಿಸಿ ನೋಡಿತು. ಅಗಲ ಕಡಿಮೆ ಇರುವ ಚೂಪು ದಿಣ್ಣೆಯ ಮೇಲೆ ಕಾರು ಜೋರಾಗಿ ಹೋದರೆ ಒಳಗಿದ್ದವರಿಗೆ ಆಗುವ ಕುಲುಕಾಟ ಹೆಚ್ಚುವ ಬದಲು ಕಡಿಮೆಯಾಗಬಹುದು. ಚಕ್ರ ಕ್ಷಣದಲ್ಲಿ ದಾಟಿಬಿಡುತ್ತದೆ, ಪೆಟ್ಟನ್ನು ಟೈರು ಮತ್ತು ಸ್ಪ್ರಿಂಗ್ ನುಂಗಿಕೊಳ್ಳುತ್ತವೆ. ಅಂದರೆ ನಿಧಾನವಾಗಿ ಹೋದವನಿಗೆ ಶಿಕ್ಷೆ, ನುಗ್ಗಿ ಹೋದವನಿಗೆ ರಿಯಾಯಿತಿ!

ಅಗಲವಾದ, ದುಂಡಗಿನ ಉಬ್ಬು ಇದಕ್ಕೆ ತದ್ವಿರುದ್ಧ. ಸಾಮಾನ್ಯ ಕಾರಿನ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ ಸುಮಾರು ಎರಡೂವರೆ ಮೀಟರ್ ಅಂತರವಿರುತ್ತದೆ. ಉಬ್ಬು ಅದಕ್ಕಿಂತ ಅಗಲವಿದ್ದರೆ ಇಡೀ ಗಾಡಿಯೇ ಮೇಲೆದ್ದು ಇಳಿಯಬೇಕು. ವೇಗ ಹೆಚ್ಚಿದಷ್ಟೂ ಕಿರಿಕಿರಿ ಹೆಚ್ಚುತ್ತದೆ. ಆಗ ಚಾಲಕ ತಾನಾಗಿಯೇ ನಿಧಾನಿಸುತ್ತಾನೆ.

ಚೂಪು ದಿಣ್ಣೆಯಿಂದ ಹೆಚ್ಚು ಅಪಾಯ ದ್ವಿಚಕ್ರ ವಾಹನದವರಿಗೆ. ಬಣ್ಣವಿಲ್ಲದ, ದೀಪವಿಲ್ಲದ ದಿಣ್ಣೆ ರಾತ್ರಿ ಕಾಣುವುದೇ ಇಲ್ಲ. ಬೈಕಿನ ಹಿಂದೆ ಒಂದೇ ಕಡೆ ಕಾಲು ಹಾಕಿ, ಮಗುವನ್ನು ಎತ್ತಿಕೊಂಡು ಕೂತವರಿಗೆ ಹಿಡಿದುಕೊಳ್ಳಲು ಒಂದೇ ಕೈ. ಕಾರಿನವರನ್ನು ತಡೆಯಲು ಹಾಕಿದ ದಿಣ್ಣೆ ಬೀಳಿಸುವುದು ಇವರನ್ನು. ಆಂಬುಲೆನ್ಸ್‌ನಲ್ಲಿ ಮಲಗಿರುವ ರೋಗಿಗೂ ಅದರ ಪೆಟ್ಟು ತಪ್ಪುವುದಿಲ್ಲ.

ಹಾಗಾದರೆ ಸರಿಯಾದ ಅಳತೆ ಎಷ್ಟು?

ನಮ್ಮ ದೇಶದಲ್ಲಿ ರಸ್ತೆಗಳ ಮಾನದಂಡ ರೂಪಿಸುವುದು ಇಂಡಿಯನ್ ರೋಡ್ಸ್ ಕಾಂಗ್ರೆಸ್, ಅಂದರೆ ಐಆರ್‌ಸಿ. ಉಬ್ಬುಗಳ ಬಗ್ಗೆ ಅದು 1988ರಲ್ಲಿ ‘ಐಆರ್‌ಸಿ 99’ ಎಂಬ ಮಾರ್ಗಸೂಚಿ ತಂದಿತು, 2018ರಲ್ಲಿ ಅದನ್ನು ಪರಿಷ್ಕರಿಸಿತು. ವಾಹನಗಳು ಗಂಟೆಗೆ ಸುಮಾರು 25 ಕಿ.ಮೀ. ವೇಗದಲ್ಲಿ ದಾಟಬೇಕು ಎಂಬ ಲೆಕ್ಕದ ದುಂಡನೆಯ ಉಬ್ಬಿಗೆ ಅಳತೆ ಹೀಗಿದೆ:

• ಎತ್ತರ 10 ಸೆಂ.ಮೀ., ಅಂದರೆ ನಾಲ್ಕು ಇಂಚು.
• ವಾಹನ ಸಾಗುವ ದಿಕ್ಕಿನಲ್ಲಿ ಅಗಲ 3.7 ಮೀಟರ್, ಅಂದರೆ ಸುಮಾರು ಹನ್ನೆರಡು ಅಡಿ.
• ಕಾಣುವಂತೆ ಕಪ್ಪು-ಬಿಳಿ ಪಟ್ಟೆಗಳ ಬಣ್ಣ.
• 40 ಮೀಟರ್ ಮುಂಚೆಯೇ ಎಚ್ಚರಿಕೆ ಫಲಕ. 50 ಕಿ.ಮೀ. ವೇಗದಲ್ಲಿ ಬರುವವನಿಗೆ ಈ 40 ಮೀಟರ್ ಎಂದರೆ ಮೂರು ಸೆಕೆಂಡಿಗೂ ಕಡಿಮೆ ಸಮಯ.

ನಿಮ್ಮ ಓಣಿಯ ಹಂಪ್ ಅನ್ನು ಒಂದು ಟೇಪ್ ಹಿಡಿದು ಅಳೆದು ನೋಡಿ. ಒಂದೆರಡು ಅಡಿಯಷ್ಟೇ ಅಗಲವಿದ್ದರೆ ಅದು ಈ ಅಳತೆಯ ಹತ್ತಿರಕ್ಕೂ ಬರುವುದಿಲ್ಲ.

ತಪ್ಪು ನಂಬಿಕೆ 2: ಎಲ್ಲಿ ಬೇಕಾದರೂ, ಯಾರು ಬೇಕಾದರೂ ಹಾಕಬಹುದು

ಮನೆ ಕಟ್ಟಿ ಉಳಿದ ಕಾಂಕ್ರೀಟ್ ಸುರಿದು ಓಣಿಯವರೇ ಹಂಪ್ ಮಾಡಿಕೊಳ್ಳುವುದುಂಟು. ಸಾರ್ವಜನಿಕ ರಸ್ತೆಯಲ್ಲಿ ಹಾಗೆ ಮಾಡುವಂತಿಲ್ಲ. ಉಬ್ಬುಗಳು ಇರುವುದು ಸಣ್ಣ ರಸ್ತೆಗಳಿಗೆ: ಮನೆಗಳ ನಡುವಿನ ಬೀದಿ, ಶಾಲೆ ಅಥವಾ ಆಸ್ಪತ್ರೆಯ ಮುಂದಿನ ರಸ್ತೆ, ಗಲ್ಲಿಯೊಂದು ಮುಖ್ಯರಸ್ತೆಗೆ ಸೇರುವ ತಿರುವು. ರಾಷ್ಟ್ರೀಯ ಹೆದ್ದಾರಿಗಳಲ್ಲಿರುವ ಉಬ್ಬುಗಳನ್ನು ತೆಗೆಯಿರಿ ಎಂದು ಕೇಂದ್ರ ಸಾರಿಗೆ ಸಚಿವಾಲಯ 2016ರಲ್ಲೇ ಸೂಚಿಸಿದೆ. ವೇಗವಾಗಿ ಬರುವ ಲೋಡ್ ಲಾರಿ ದಿಢೀರನೆ ಬ್ರೇಕ್ ಹಾಕಿದರೆ ಹಿಂದಿನ ವಾಹನ ಬಂದು ಗುದ್ದುತ್ತದೆ.

ಆದ್ದರಿಂದ ಮೊದಲು ತಿಳಿಯಬೇಕಾದದ್ದು ರಸ್ತೆ ಯಾರದು ಎಂಬುದು. ಬ್ರೂಸ್‌ಪೇಟೆಯ ಒಳಬೀದಿಗಳಿಗೆ ಬಳ್ಳಾರಿ ಮಹಾನಗರ ಪಾಲಿಕೆಯ ಎಂಜಿನಿಯರಿಂಗ್ ವಿಭಾಗವನ್ನು ಕೇಳಬೇಕು. ಸಿರುಗುಪ್ಪದಲ್ಲಿ ನಗರಸಭೆ, ಕುರುಗೋಡಿನಲ್ಲಿ ಪುರಸಭೆ. ರಾಜ್ಯ ಹೆದ್ದಾರಿಯಾದರೆ ಲೋಕೋಪಯೋಗಿ ಇಲಾಖೆ. ಹೊಸಪೇಟೆ ಕಡೆಯಿಂದ ಬಳ್ಳಾರಿಗೆ ಬರುವ 67, ಸಿರುಗುಪ್ಪ ಮೂಲಕ ಬಳ್ಳಾರಿಗೆ ಬರುವ 150ಎ ಎರಡೂ ರಾಷ್ಟ್ರೀಯ ಹೆದ್ದಾರಿಗಳು. ಅವುಗಳ ದೂರನ್ನು ಪಾಲಿಕೆಗೆ ಕೊಟ್ಟರೆ ಅರ್ಜಿ ಕಚೇರಿಯಿಂದ ಕಚೇರಿಗೆ ಅಲೆಯುತ್ತದೆ. ಎರಡು ಇಲಾಖೆಗಳ ನಡುವೆ ಸಿಕ್ಕಿಕೊಂಡ ಜಾಗವಾದರೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯ ಗಮನಕ್ಕೆ ತನ್ನಿ.

ಹಂಪ್ ಬದಲು ಬೇರೇನು ಕೇಳಬಹುದು?

ಎಷ್ಟೋ ಕಡೆ ನಿಜವಾದ ತೊಂದರೆ ವೇಗಕ್ಕಿಂತ ಹೆಚ್ಚಾಗಿ ನೋಟದ್ದು. ತಿರುವಿನಲ್ಲಿ ನಿಲ್ಲಿಸಿದ ಗಾಡಿ, ಮುಂದಕ್ಕೆ ಚಾಚಿದ ಅಂಗಡಿ ಬೋರ್ಡು ಎದುರಿನಿಂದ ಬರುವವರನ್ನು ಮರೆಮಾಡುತ್ತವೆ. ಅಲ್ಲಿ ಪಾರ್ಕಿಂಗ್ ತೆರವು ಮಾಡಿಸುವುದೇ ಮದ್ದು. ಕತ್ತಲಿದ್ದರೆ ಬೀದಿದೀಪ ಕೇಳಿ. ಶಾಲೆಯ ಮುಂದೆ ಜೀಬ್ರಾ ಪಟ್ಟೆಯನ್ನೇ ಎತ್ತರಿಸಿ ಕಟ್ಟಿದರೆ ಮಕ್ಕಳು ದಾಟುವ ಜಾಗವೇ ವಾಹನಗಳ ವೇಗವನ್ನೂ ಇಳಿಸುತ್ತದೆ. ನಡೆಯಲು ಫುಟ್‌ಪಾತ್ ಇದ್ದರೆ ಜನ ರಸ್ತೆಗೆ ಇಳಿಯುವುದೇ ಕಡಿಮೆಯಾಗುತ್ತದೆ.

ಅರ್ಜಿಯಲ್ಲಿ ಏನು ಬರೆಯಬೇಕು?

‘ಹಂಪ್ ಹಾಕಿಸಿ’ ಎಂದಷ್ಟೇ ಬರೆದರೆ ಸಿಗುವುದು ನಾಲ್ಕು ಬುಟ್ಟಿ ಡಾಂಬರು. ಅದರ ಬದಲು ಜಾಗದ ಫೋಟೊ, ಹತ್ತಿರದ ಗುರುತು, ಎಷ್ಟು ಗಂಟೆಗೆ ತೊಂದರೆ ಹೆಚ್ಚು, ಯಾರು ದಾಟುತ್ತಾರೆ ಎಂಬುದನ್ನು ಬರೆಯಿರಿ. ‘ಸ್ಥಳ ಪರಿಶೀಲಿಸಿ, ಐಆರ್‌ಸಿ 99 ಪ್ರಕಾರ ಕ್ರಮ ಕೈಗೊಳ್ಳಿ’ ಎಂಬ ಸಾಲು ಸೇರಿಸಿ, ಸ್ವೀಕೃತಿ ಪಡೆಯಿರಿ. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ, ಅರ್ಜಿ ಏನಾಯಿತು ಎಂದು ಕೇಳಬಹುದು. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಕೊಡಬೇಕು.

ಇನ್ನೊಂದು ವಿಷಯ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 198ಎ ಸೆಕ್ಷನ್ ಪ್ರಕಾರ, ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯಲ್ಲಿ ಸುರಕ್ಷತಾ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಉಂಟಾದರೆ, ಹೊಣೆ ಹೊತ್ತ ಪ್ರಾಧಿಕಾರ ಅಥವಾ ಗುತ್ತಿಗೆದಾರರಿಗೆ 1 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು. ಅಪಘಾತವಾದಾಗ ‘ಬೈಕಿನವನದೇ ತಪ್ಪು’ ಎಂದು ಮುಗಿಸಿಬಿಡುವ ಮುಂಚೆ ರಸ್ತೆಯ ತಪ್ಪೂ ಇದೆಯೇ ಎಂದು ಕೇಳುವ ಹಕ್ಕು ನಮಗಿದೆ.

ಫಾರ್ವರ್ಡ್ ಮಾಡುವುದಾದರೆ ಇಷ್ಟು ಸಾಕು: ಹಂಪ್ ನಾಲ್ಕು ಇಂಚು ಎತ್ತರ, ಹನ್ನೆರಡು ಅಡಿ ಅಗಲ ಇರಬೇಕು, ಬಣ್ಣ ಮತ್ತು ಫಲಕ ಕಡ್ಡಾಯವಾಗಿ ಕೇಳಿ. ಈ ಅಳತೆ ತಪ್ಪಿದ ಹಂಪ್ ನಮ್ಮ ಓಣಿಯಲ್ಲಿದ್ದರೆ ಫೋಟೊ ತೆಗೆದು ಗುಂಪಿಗೆ ಹಾಕುವ ಜೊತೆಗೆ, ಆ ರಸ್ತೆ ಯಾರದೋ ಅವರಿಗೂ ಬರೆದು ಕೊಡಿ.