ಅಲ್-ಫಾಶಿರ್‌ನ ಮಕ್ಕಳು ಮತ್ತು ಲೋಕದ ಮರೆವು

2023ರ ಏಪ್ರಿಲ್ ತಿಂಗಳಲ್ಲಿ ಅಲ್-ಫಾಶಿರ್ ಎಂಬ ಊರಿನ ಹೆಸರು ಕನ್ನಡ ಪತ್ರಿಕೆಗಳಲ್ಲಿ ಕೆಲವು ದಿನ ಕಾಣಿಸಿಕೊಂಡಿತು. ಸುಡಾನಿನ ಪಶ್ಚಿಮದ ಡಾರ್ಫರ್ ಸೀಮೆಯ ಈ ಊರು ಕನ್ನಡಿಗರ ಕಿವಿಗೆ ಬಿದ್ದುದಕ್ಕೆ ಕಾರಣವಿತ್ತು. ಗಿಡಮೂಲಿಕೆಯ ಔಷಧಿ ಮಾರಲೆಂದು ಹೋಗಿದ್ದ ಹಕ್ಕಿಪಿಕ್ಕಿ ಸಮುದಾಯದ ಮೂವತ್ತಕ್ಕೂ ಹೆಚ್ಚು ಮಂದಿ ಯುದ್ಧದ ನಡುವೆ ಅಲ್ಲಿ ಸಿಕ್ಕಿಬಿದ್ದಿದ್ದರು. ಕರ್ನಾಟಕದಲ್ಲಿ ಆಗ ವಿಧಾನಸಭಾ ಚುನಾವಣೆಯ ಕಾಲ. ವಿರೋಧಪಕ್ಷದ ನಾಯಕರಾಗಿದ್ದ ಸಿದ್ದರಾಮಯ್ಯನವರಿಗೂ ವಿದೇಶಾಂಗ ಸಚಿವ ಜೈಶಂಕರ್ ಅವರಿಗೂ ಈ ವಿಷಯದಲ್ಲಿ ಬಹಿರಂಗ ವಾಗ್ವಾದವೇ ನಡೆಯಿತು. ಏಪ್ರಿಲ್ 24ರಂದು ಭಾರತ ಸರಕಾರ ಆರಂಭಿಸಿದ ತೆರವು ಕಾರ್ಯಕ್ಕೆ ಕಾವೇರಿಯ ಹೆಸರನ್ನೇ ಇಡಲಾಯಿತು. ಮೇ ಮೊದಲ ವಾರದ ಹೊತ್ತಿಗೆ ಒಟ್ಟು 3,862 ಮಂದಿ ಸ್ವದೇಶಕ್ಕೆ ಬಂದರು. ಅದು ನಿಜಕ್ಕೂ ಒಳ್ಳೆಯ ಕೆಲಸ. ಆದರೆ ಆ ವಿಮಾನಗಳಲ್ಲಿ ಜನರೊಂದಿಗೆ ಸುದ್ದಿಯೂ ಮರಳಿ ಬಂದುಬಿಟ್ಟಿತು. ಅಲ್-ಫಾಶಿರ್ ಎಂಬ ಹೆಸರು ಪುಟಗಳಿಂದ ಮಾಯವಾಯಿತು.

ಇದು ಕನ್ನಡ ಪತ್ರಿಕೆಗಳ ಮೇಲೆ ಮಾತ್ರ ಹೊರಿಸಬಹುದಾದ ಅಪವಾದವಲ್ಲ. ಬ್ರಿಟನ್, ಅಮೆರಿಕ, ಫ್ರಾನ್ಸ್, ಸೌದಿ ಅರೇಬಿಯ ಎಲ್ಲವೂ ತಮ್ಮ ತಮ್ಮ ಜನರನ್ನು ಎತ್ತಿಕೊಂಡು ಹೊರಟವು. ರಾಯಭಾರ ಕಚೇರಿಗಳ ಬಾಗಿಲು ಮುಚ್ಚಿದವು. ಯಾವ ದೇಶದ ಪ್ರಜೆಯೆಂದೂ ಯಾರೂ ಬಂದು ಕರೆದೊಯ್ಯದ ಒಂದು ವರ್ಗ ಹಿಂದೆ ಉಳಿಯಿತು. ಅವರು ಸುಡಾನಿನ ಮಕ್ಕಳು.

ಖಾರ್ಟೂಮ್ ನಗರದ ಮೈಗೋಮಾ ಅನಾಥಾಲಯದ ಸಂಗತಿಯನ್ನು ಇಲ್ಲಿ ನೆನೆಯಬೇಕು. ತ್ಯಜಿಸಲ್ಪಟ್ಟ ಹಸುಗೂಸುಗಳನ್ನು ಸಾಕುತ್ತಿದ್ದ ಸಂಸ್ಥೆ ಅದು. ಏಪ್ರಿಲ್ 15ರಂದು ಸೇನಾ ಮುಖ್ಯಸ್ಥ ಅಲ್-ಬುರ್ಹಾನನ ಪಡೆಗೂ 'ಹೆಮೆದ್ತಿ' ಎಂಬ ಹೆಸರಿನಿಂದ ಪ್ರಸಿದ್ಧನಾದ ದಗಾಲೋನ ಆರ್‌ಎಸ್‌ಎಫ್ ಪಡೆಗೂ ಕಾಳಗ ಆರಂಭವಾಯಿತು. ದಾದಿಯರು ಬೀದಿ ದಾಟಿ ಕೆಲಸಕ್ಕೆ ಬರಲಾಗಲಿಲ್ಲ. ಉಳಿದ ಬೆರಳೆಣಿಕೆಯ ಹೆಂಗಸರು ನೂರಾರು ಕೂಸುಗಳಿಗೆ ಹೊತ್ತುಹೊತ್ತಿಗೆ ಹಾಲುಣಿಸುವುದು ಅಸಾಧ್ಯವಾಯಿತು. ಸುಮಾರು ಆರು ವಾರಗಳಲ್ಲಿ ಅಲ್ಲಿ ಕನಿಷ್ಠ 60 ಮಕ್ಕಳು ಸತ್ತವು; ಅವುಗಳಲ್ಲಿ 26 ಮಕ್ಕಳು ಕೇವಲ ಎರಡು ದಿನಗಳಲ್ಲಿ. ಹೆಚ್ಚಿನ ಸಾವುಗಳಿಗೆ ಗುಂಡು ಕಾರಣವಲ್ಲ. ಹಸಿವು, ನೀರಿನ ಕೊರತೆ, ಜ್ವರ. ಜೂನ್ ತಿಂಗಳಲ್ಲಿ ಬದುಕುಳಿದ ಸುಮಾರು 300 ಮಕ್ಕಳನ್ನು ವಾದ್ ಮದನಿ ಎಂಬ ಊರಿಗೆ ಸಾಗಿಸಲಾಯಿತು. ಡಿಸೆಂಬರ್‌ನಲ್ಲಿ ಆ ಊರೂ ಆರ್‌ಎಸ್‌ಎಫ್ ವಶವಾಯಿತು.

ಅಂತರ್ಯುದ್ಧ ಮಕ್ಕಳನ್ನು ಕೊಲ್ಲುವ ಬಗೆ ಇಲ್ಲಿ ಸ್ಪಷ್ಟವಾಗುತ್ತದೆ. ಆಯುಧ ತಾಗಿ ಸತ್ತವರು ಯುದ್ಧದ ಲೆಕ್ಕಕ್ಕೆ ಬರುತ್ತಾರೆ. ದಾದಿ ಬರಲಿಲ್ಲವೆಂದು, ಲಸಿಕೆ ಬರಲಿಲ್ಲವೆಂದು, ಲಾರಿಯನ್ನು ಯಾರೋ ತಡೆದರೆಂದು ಸತ್ತ ಕೂಸು ಯಾವ ಲೆಕ್ಕಕ್ಕೂ ಬರುವುದಿಲ್ಲ. ಅದನ್ನು ಕೊಂದವನಿಗೆ ಮುಖವಿಲ್ಲ. ಮುಖವಿಲ್ಲದ ಕೊಲೆಗಾರನ ಮೇಲೆ ಲೋಕಕ್ಕೆ ಸಿಟ್ಟೂ ಬರುವುದಿಲ್ಲ.

ಅಲ್-ಫಾಶಿರ್‌ಗೆ ಸಮೀಪದಲ್ಲಿದ್ದ ಝಮ್‌ಝಮ್ ಶಿಬಿರ ಇದಕ್ಕೆ ಇನ್ನೂ ಘೋರವಾದ ನಿದರ್ಶನ. ಇಪ್ಪತ್ತು ವರ್ಷಗಳ ಹಿಂದಿನ ಡಾರ್ಫರ್ ಹತ್ಯಾಕಾಂಡದಿಂದ ಓಡಿಬಂದವರು ಕಟ್ಟಿಕೊಂಡ ಗುಡಿಸಲುಗಳ ಊರು ಅದು. ಅಲ್ಲಿ ಎರಡು ಗಂಟೆಗೊಂದು ಮಗು ಸಾಯುತ್ತಿದೆಯೆಂದು ಎಂಎಸ್‌ಎಫ್ ವೈದ್ಯ ಸಂಸ್ಥೆ 2024ರ ಫೆಬ್ರವರಿಯಲ್ಲಿ ಅಂದಾಜಿಸಿ ಜಗತ್ತಿಗೆ ಹೇಳಿತು. ಆಗಸ್ಟ್ ತಿಂಗಳಲ್ಲಿ ಆಹಾರ ಭದ್ರತಾ ತಜ್ಞರು ಅಲ್ಲಿ ಕ್ಷಾಮವಿದೆಯೆಂದು ಅಧಿಕೃತವಾಗಿ ದೃಢಪಡಿಸಿದರು. ಎಚ್ಚರಿಕೆಗೂ ದೃಢೀಕರಣಕ್ಕೂ ನಡುವೆ ಆರು ತಿಂಗಳು. ಎರಡು ಗಂಟೆಗೊಂದರಂತೆ ಆರು ತಿಂಗಳ ಲೆಕ್ಕವನ್ನು ಓದುಗರೇ ಹಾಕಿಕೊಳ್ಳಬಹುದು. ಜನ ಕೊನೆಗೆ ತಿಂದುದು 'ಅಂಬಾಜ್'. ಎಣ್ಣೆ ತೆಗೆದ ಮೇಲೆ ಉಳಿಯುವ ಶೇಂಗಾ ಹಿಂಡಿಗೆ ಅಲ್ಲಿನವರ ಹೆಸರು ಅದು. ಉತ್ತರ ಕರ್ನಾಟಕದ ಯಾವ ರೈತನಿಗೂ ಅದು ಯಾರ ಆಹಾರವೆಂದು ವಿವರಿಸಬೇಕಾಗಿಲ್ಲ. 2025ರ ಏಪ್ರಿಲ್‌ನಲ್ಲಿ ಆರ್‌ಎಸ್‌ಎಫ್ ಆ ಶಿಬಿರವನ್ನೂ ಆಕ್ರಮಿಸಿತು.

ಇಲ್ಲಿ ಭಾಷೆಯ ಒಂದು ತೊಡಕನ್ನು ಗಮನಿಸಬೇಕು. ಕನ್ನಡದಲ್ಲಿ 'ಬರ' ಎಂದೊಡನೆ ಮನಸ್ಸು ಮುಗಿಲ ಕಡೆ ನೋಡುತ್ತದೆ. ಮಳೆ ಹೋಯಿತು, ಬೆಳೆ ಹೋಯಿತು, ದೈವ ಮುನಿಯಿತು. ಕರ್ತೃವಿಲ್ಲದ ಪದ ಅದು. ಝಮ್‌ಝಮ್‌ನ ಹಸಿವಿಗೆ ಕರ್ತೃಗಳಿದ್ದರು. ರಸ್ತೆಯಲ್ಲಿ ಅಡ್ಡಗಟ್ಟೆ ಹಾಕಿದವರು, ಗಡಿಯಲ್ಲಿ ಪರವಾನಗಿ ತಡೆಹಿಡಿದವರು, ಮಾರುಕಟ್ಟೆ ಸುಟ್ಟವರು. ಇದನ್ನು ಬರವೆಂದು ಬರೆಯುವ ಲೇಖನಿ ಅರಿವಿಲ್ಲದೆಯೇ ಅವರೆಲ್ಲರನ್ನೂ ಖುಲಾಸೆ ಮಾಡುತ್ತದೆ. ಹಾಗೆಯೇ 'ಅಂತಃಕಲಹ' ಎಂಬ ಪದ. ಒಳಗಿನ ಜಗಳ, ಅವರ ಮನೆಯ ವಿಷಯ, ನಡುವೆ ಹೋಗುವುದು ಉಚಿತವಲ್ಲ ಎಂಬ ಧ್ವನಿ ಅದರಲ್ಲಿದೆ. ಸುಡಾನಿನ ಕಲಹ ಅಷ್ಟು ಒಳಗಿನದೂ ಅಲ್ಲ. ಆ ನೆಲದ ಚಿನ್ನ ಹೊರಗೆ ಹೋಗುತ್ತದೆ. ಹೊರಗಿನ ಶಸ್ತ್ರ ಒಳಗೆ ಬರುತ್ತದೆ. ಆರ್‌ಎಸ್‌ಎಫ್‌ಗೆ ಶಸ್ತ್ರ ಪೂರೈಸುತ್ತಿದೆಯೆಂಬ ಆರೋಪ ಸಂಯುಕ್ತ ಅರಬ್ ಸಂಸ್ಥಾನದ ಮೇಲಿದೆ, ಅದು ನಿರಾಕರಿಸುತ್ತಲೇ ಬಂದಿದೆ. ಈಜಿಪ್ಟ್ ಸೇನೆಯ ಬೆನ್ನಿಗಿದೆ.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆ ಕನ್ನಡದಲ್ಲಿದೆ. ಜಗಳದ ಸರಿತಪ್ಪುಗಳನ್ನು ಅದು ವಿಚಾರಿಸುವುದೇ ಇಲ್ಲ. ಅದರ ಕಣ್ಣು ಕೂಸಿನ ಮೇಲಿದೆ. ಜಾಗತಿಕ ರಾಜಕಾರಣದಲ್ಲಿ ಇದು ತಿರುಗುಮುರುಗಾಗಿದೆ. ಯಾರು ನ್ಯಾಯಬದ್ಧ ಸರಕಾರ, ಯಾರು ಬಂಡುಕೋರರು ಎಂಬ ಚರ್ಚೆಗೆ ಅಲ್ಲಿ ಮುಗಿವಿಲ್ಲ. ಅಲ್-ಫಾಶಿರ್‌ನ ಮುತ್ತಿಗೆಯನ್ನು ನಿಲ್ಲಿಸಬೇಕೆಂದು ಭದ್ರತಾ ಮಂಡಳಿ 2024ರ ಜೂನ್ 13ರಂದು 2736ನೆಯ ನಿರ್ಣಯದಲ್ಲಿ ಆಗ್ರಹಿಸಿತು. ನಾಗರಿಕರ ರಕ್ಷಣೆಯನ್ನು ಕುರಿತ ಇನ್ನೊಂದು ಕರಡು ಅದೇ ನವೆಂಬರ್‌ನಲ್ಲಿ ಮತಕ್ಕೆ ಬಂದಾಗ 14 ಸದಸ್ಯರು ಪರವಾಗಿದ್ದರೂ ರಷ್ಯದ ವಿಟೋದಿಂದ ಬಿದ್ದುಹೋಯಿತು. ಮುತ್ತಿಗೆ ಮುಂದುವರಿಯಿತು. 2025ರಲ್ಲಿ ಅಮೆರಿಕ ನೆರವನ್ನು ಕಡಿತಗೊಳಿಸಿದಾಗ ಊರಿನ ಯುವಕರೇ ನಡೆಸುತ್ತಿದ್ದ ಗಂಜಿಕೇಂದ್ರಗಳು ಸಾವಿರಕ್ಕೂ ಮಿಗಿಲಾಗಿ ಮುಚ್ಚಿದವು. ಆ ವರ್ಷ ಸುಡಾನಿಗಾಗಿ ವಿಶ್ವಸಂಸ್ಥೆ ಕೇಳಿದ 420 ಕೋಟಿ ಡಾಲರ್‌ಗಳಲ್ಲಿ ಅರ್ಧವೂ ಬರಲಿಲ್ಲ.

ಮಾಹಿತಿಯ ಅಭಾವದಿಂದ ಹೀಗಾಗುತ್ತಿದೆಯೆಂದು ಹೇಳುವವರಿದ್ದಾರೆ. ಈ ವಾದ ನಿಲ್ಲುವುದಿಲ್ಲ. ಡಾರ್ಫರ್‌ನ ಮಕ್ಕಳು ತಾವೇ ಸಾಕ್ಷ್ಯ ಬರೆದುಕೊಟ್ಟಿದ್ದಾರೆ. 2005ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆಯ ಸಂಶೋಧಕರು ಚಾಡ್ ದೇಶದ ನಿರಾಶ್ರಿತ ಶಿಬಿರಗಳಲ್ಲಿ ದೊಡ್ಡವರನ್ನು ಮಾತನಾಡಿಸುತ್ತಿರುವಾಗ ಮಕ್ಕಳು ಸುಮ್ಮನಿರಲೆಂದು ಹಾಳೆ, ಬಣ್ಣದ ಕಡ್ಡಿ ಕೊಟ್ಟರು. ಏನು ಬರೆಯಬೇಕೆಂದು ಯಾರೂ ಹೇಳಿರಲಿಲ್ಲ. ಮಕ್ಕಳು ಬರೆದುದು ಹೊತ್ತಿ ಉರಿಯುವ ಗುಡಿಸಲು, ಒಂಟೆ ಕುದುರೆಗಳ ಮೇಲೆ ಬಂದ ಬಂದೂಕುಧಾರಿಗಳು, ಮೇಲಿನಿಂದ ಬಾಂಬು ಸುರಿಯುವ ವಿಮಾನ. ಎರಡು ವರ್ಷಗಳ ಅನಂತರ ಇನ್ನೊಂದು ಸಂಸ್ಥೆ ಅದೇ ಶಿಬಿರಗಳ ಸೀಮೆಯಲ್ಲಿ ಇಂಥ 500 ಚಿತ್ರಗಳನ್ನು ಸಂಗ್ರಹಿಸಿತು. ಹೇಗ್ ನಗರದ ಅಂತಾರಾಷ್ಟ್ರೀಯ ಅಪರಾಧ ನ್ಯಾಯಾಲಯ ಅವನ್ನು ಪೂರಕ ಸಾಕ್ಷ್ಯವೆಂದು ಸ್ವೀಕರಿಸಿತು.

ಶಾಸನ, ಕಡತ, ಓಲೆಗರಿಗಳನ್ನು ಆಕರವೆಂದು ಓದಲು ಕಲಿತ ಸಂಶೋಧಕರಿಗೆ ಈ ಚಿತ್ರಗಳು ಒಂದು ಸವಾಲು. ವೀರಗಲ್ಲಿನ ಕೆಳಪಟ್ಟಿಕೆಯಲ್ಲಿ ತುರುಗೋಳಿನ ಕಾಳಗವನ್ನು ಓದಬಲ್ಲವನು ಬಣ್ಣದ ಕಡ್ಡಿಯಲ್ಲಿ ಬಿಡಿಸಿದ ಕಾಳಗವನ್ನೂ ಓದಬಲ್ಲ. ಆದರೆ ವೀರಗಲ್ಲನ್ನು ನಿಲ್ಲಿಸಿದವರು ಗೆದ್ದವರೋ ಸತ್ತವನ ಬಂಧುಗಳೋ ಆಗಿರುತ್ತಾರೆ. ಇಲ್ಲಿ ಕಲ್ಲು ನಿಲ್ಲಿಸಿದವನೇ ಏಟು ತಿಂದವನು, ಅವನಿಗೆ ಎಂಟು ವರ್ಷ. ಅವನ ಗ್ರಾಮವನ್ನು ಸುಟ್ಟ ಜಂಜಾವೀದ್ ಪಡೆಯ ನಾಯಕರಲ್ಲಿ ಒಬ್ಬನಾದ ಅಲಿ ಕುಶಾಯಬ್ ಎಂಬಾತನನ್ನು ನ್ಯಾಯಾಲಯ ಅಪರಾಧಿಯೆಂದು ಸಾರಿದ್ದು 2025ರ ಅಕ್ಟೋಬರ್ 6ರಂದು. ಅಪರಾಧ ನಡೆದುದು 2003 ಮತ್ತು 2004ರಲ್ಲಿ. ತೀರ್ಪಿನ ಹೊತ್ತಿಗೆ ಆ ಬಾಲಕನಿಗೆ ಮೂವತ್ತು ದಾಟುತ್ತಿತ್ತು. ಜಂಜಾವೀದರ ಗುಂಪುಗಳಿಂದಲೇ ಬೆಳೆದ ಆರ್‌ಎಸ್‌ಎಫ್ ಅದೇ ದಿನ ಅದೇ ಸೀಮೆಯಲ್ಲಿ ಅಲ್-ಫಾಶಿರ್‌ನ ಸುತ್ತ ಮಣ್ಣಿನ ಗೋಡೆ ಎಬ್ಬಿಸಿ ಕುಳಿತಿತ್ತು.

ಸಾಹಿತ್ಯವಾದರೂ ಈ ಮರೆವಿನಿಂದ ಮುಕ್ತವೇ ಎಂದು ಕೇಳಿಕೊಳ್ಳುವುದು ಒಳ್ಳೆಯದು. ಭಾರತದ ಕಥೆಯೇ ಒಂದು ದಾಯಾದಿ ಕಲಹ. ಅದರಲ್ಲಿ ಅಭಿಮನ್ಯುವಿಗೆ ದೊರೆತ ಸ್ಥಾನ ಎಲ್ಲರಿಗೂ ತಿಳಿದದ್ದು. ರನ್ನನ ಗದಾಯುದ್ಧದಲ್ಲಿ ರಣಭೂಮಿಯನ್ನು ಹಾದುಹೋಗುವ ದುರ್ಯೋಧನ ಶತ್ರುಪುತ್ರನಾದ ಅಭಿಮನ್ಯುವಿನ ದೇಹದ ಮುಂದೆಯೂ ನಿಲ್ಲುತ್ತಾನೆ, ತನ್ನ ಮಗ ಲಕ್ಷಣಕುಮಾರನ ಮುಂದೆಯೂ ನಿಲ್ಲುತ್ತಾನೆ. ಕನ್ನಡ ಕಾವ್ಯದ ಮಹಾ ಪ್ರಸಂಗಗಳಲ್ಲಿ ಅದೊಂದು. ಆದರೆ ಆ ಇಬ್ಬರೂ ಆಯುಧ ಹಿಡಿದವರು. ನಿದ್ರೆಯಲ್ಲಿ ಅಶ್ವತ್ಥಾಮನ ಕೈಗೆ ಸಿಕ್ಕಿ ಸತ್ತ ದ್ರೌಪದಿಯ ಐವರು ಮಕ್ಕಳ ಹೆಸರನ್ನು ತಡವರಿಸದೆ ಹೇಳಬಲ್ಲ ಸ್ನಾತಕೋತ್ತರ ವಿದ್ಯಾರ್ಥಿ ಅಪರೂಪ. ಪ್ರತಿವಿಂಧ್ಯ, ಸುತಸೋಮ, ಶ್ರುತಕರ್ಮ, ಶತಾನೀಕ, ಶ್ರುತಸೇನ. ವ್ಯಾಸ ಹೆಸರಿಟ್ಟಿದ್ದಾನೆ. ಪರಂಪರೆ ಅವರನ್ನು 'ಉಪಪಾಂಡವರು' ಎಂಬ ಒಂದು ಗಂಟಿನಲ್ಲಿ ಕಟ್ಟಿ ಮೂಲೆಗಿಟ್ಟಿತು. ಪಾಂಡವರ ತಲೆಗಳೆಂದು ತಂದು ಒಪ್ಪಿಸಿದವು ಮಕ್ಕಳ ತಲೆಗಳೆಂದು ಗುರುತಿಸಿ ಸಾಯುವ ಹೊತ್ತಿನ ದುರ್ಯೋಧನನೂ ಹೇಸಿದನೆಂಬ ಕಥನ ಮಾತ್ರ ಜನರ ನಡುವೆ ಉಳಿದಿದೆ. ಆ ಹೇಸಿಗೆಯಷ್ಟಾದರೂ ಇಂದಿನ ರಾಜಧಾನಿಗಳಲ್ಲಿ ಕಾಣುತ್ತಿಲ್ಲ.

ಸುಡಾನಿಗೆ ಸಂಬಂಧಿಸಿದ ಇನ್ನೊಂದು ಚಿತ್ರ ಲೋಕಪ್ರಸಿದ್ಧವಾಗಿದೆ. 1993ರ ಮಾರ್ಚ್‌ನಲ್ಲಿ ಪ್ರಕಟವಾದ ಕೆವಿನ್ ಕಾರ್ಟರನ ಛಾಯಾಚಿತ್ರ: ನೆಲಕ್ಕೆ ಕುಸಿದ ಮಗು, ಹಿಂದೆ ಕಾದಿರುವ ರಣಹದ್ದು. ಹಿಂದಿನ ಅಂತರ್ಯುದ್ಧದ ಕಾಲದ್ದು ಅದು. ಕಾರ್ಟರನಿಗೆ ಪುಲಿಟ್ಜರ್ ಬಂದುದು, ಕೆಲವೇ ತಿಂಗಳಲ್ಲಿ ಆತ ಆತ್ಮಹತ್ಯೆ ಮಾಡಿಕೊಂಡುದು, ಅವನು ಮಗುವನ್ನು ಎತ್ತಿಕೊಳ್ಳಬೇಕಿತ್ತೇ ಎಂಬ ನೈತಿಕ ಚರ್ಚೆ, ಇವುಗಳ ಮೇಲೆ ಸಾಕಷ್ಟು ಬರೆಹ ಬಂದಿದೆ. ಆ ಮಗು ಹೆಣ್ಣೆಂದು ಲೋಕ ಹದಿನೆಂಟು ವರ್ಷ ನಂಬಿತ್ತು. 2011ರಲ್ಲಿ ಸ್ಪೇನಿನ ಪತ್ರಕರ್ತರು ಆ ಹಳ್ಳಿಗೆ ಹೋಗಿ ತಂದೆಯನ್ನು ಕಂಡಾಗ ಅದು ಗಂಡುಮಗು, ಆ ಕ್ಷಾಮದಲ್ಲಿ ಬದುಕುಳಿದಿತ್ತು, ಯುವಕನಾಗಿ ಜ್ವರದಿಂದ ತೀರಿಕೊಂಡಿತ್ತು ಎಂದು ತಿಳಿಯಿತು. ಛಾಯಾಗ್ರಾಹಕನ ಮನಸ್ಸಿನ ಬಗೆಗೆ ಅಷ್ಟೊಂದು ಪುಟ ಬರೆದವರಿಗೆ ಆ ಹಳ್ಳಿಗೆ ಹೋಗುವ ದಾರಿ ಅಷ್ಟು ಕಾಲ ಹೊಳೆಯದೆ ಹೋದುದು ಆಶ್ಚರ್ಯ. ಆಶ್ಚರ್ಯವೇನೂ ಅಲ್ಲವೆಂದೂ ಹೇಳಬಹುದು. ಲೋಕ ನೋವನ್ನು ನೋಡುವಾಗಲೂ ನೋಡುತ್ತಿರುವ ತನ್ನನ್ನೇ ನೋಡಿಕೊಳ್ಳುತ್ತದೆ.

ಇದಕ್ಕೆ ಬೇರೆಯಾದ ಮಾರ್ಗ ಇಲ್ಲದಿಲ್ಲ. 1919ರಲ್ಲಿ ಎಗ್ಲಂಟೈನ್ ಜೆಬ್ ಎಂಬ ಆಂಗ್ಲ ಮಹಿಳೆ ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ಹಸಿದ ಆಸ್ಟ್ರಿಯದ ಕೂಸಿನ ಚಿತ್ರವಿದ್ದ ಕರಪತ್ರ ಹಂಚಿದಳು. ಆಸ್ಟ್ರಿಯ ಆಗಷ್ಟೇ ಸೋತ ಶತ್ರುದೇಶ. ಬಂಧಿಸಿದರು, ಐದು ಪೌಂಡ್ ದಂಡ ಹಾಕಿದರು. ಅವಳ ವಿರುದ್ಧ ವಾದಿಸಿದ ಸರಕಾರಿ ವಕೀಲನೇ ಆ ಐದು ಪೌಂಡುಗಳನ್ನು ಅವಳ ಕೈಗಿತ್ತನಂತೆ. ಅವಳು ಬರೆದ ಕರಡಿನಿಂದ ಹುಟ್ಟಿದ ಮಕ್ಕಳ ಹಕ್ಕುಗಳ ಘೋಷಣೆಯನ್ನು 1924ರಲ್ಲಿ ರಾಷ್ಟ್ರಸಂಘ ಅಂಗೀಕರಿಸಿತು. 1989ರ ಒಡಂಬಡಿಕೆಯ ಮೂಲ ಅಲ್ಲಿದೆ. ಆ ಒಡಂಬಡಿಕೆಗೆ ಮರುವರ್ಷವೇ ಒಪ್ಪಿಗೆಯ ಮುದ್ರೆ ಒತ್ತಿದ ರಾಷ್ಟ್ರಗಳಲ್ಲಿ ಸುಡಾನ್ ಒಂದು. ಅಮೆರಿಕ ಇಂದಿಗೂ ಒತ್ತಿಲ್ಲ.

2025ರ ಅಕ್ಟೋಬರ್ 26ರಂದು, ಐನೂರು ದಿನ ಮೀರಿದ ಮುತ್ತಿಗೆಯ ಬಳಿಕ, ಅಲ್-ಫಾಶಿರ್ ಬಿದ್ದಿತು. ಅಲ್ಲಿನ ಸೌದಿ ಹೆರಿಗೆ ಆಸ್ಪತ್ರೆಯಲ್ಲಿ ರೋಗಿಗಳೂ ಅವರ ಜೊತೆಗಿದ್ದವರೂ ಸೇರಿ 460ಕ್ಕೂ ಹೆಚ್ಚು ಮಂದಿ ಹತರಾದ ವರದಿಯನ್ನು ವಿಶ್ವ ಆರೋಗ್ಯ ಸಂಸ್ಥೆ ಹೊರಗೆಡಹಿತು. ಓಡಬಲ್ಲವರು ಸುಮಾರು ಅರವತ್ತು ಕಿಲೋಮೀಟರ್ ದೂರದ ತವೀಲಾಕ್ಕೆ ನಡೆದರು. ಮರುದಿನ ಸಂಜೆ ಅಲ್ಲಿಗೆ ಬಂದಿಳಿದವರಲ್ಲಿ ಐದು ವರ್ಷದೊಳಗಿನ 70 ಮಕ್ಕಳಿದ್ದರು. ವೈದ್ಯರು ತೋಳಿನ ಸುತ್ತಳತೆಯ ಪಟ್ಟಿ ಹಿಡಿದು ಒಬ್ಬೊಬ್ಬರನ್ನೇ ಅಳೆದರು. ಪೌಷ್ಟಿಕತೆಯ ಕೊರತೆಯಿಲ್ಲದ ಒಂದು ಮಗುವೂ ಇರಲಿಲ್ಲ. ಆಮೇಲಿನ ದಿನಗಳಲ್ಲಿ ಬಂದ ನೂರಾರು ಮಕ್ಕಳ ಜೊತೆ ತಂದೆತಾಯಿಯರಿರಲಿಲ್ಲ. ದಾರಿಯಲ್ಲಿ ಕಂಡ ಅಪರಿಚಿತರು ಅವರನ್ನು ಹೊತ್ತು ತಂದಿದ್ದರು. ಅವರಲ್ಲಿ ತೀರ ಚಿಕ್ಕವರಿಗೆ ತಮ್ಮ ಹೆಸರು ಹೇಳಲು ಬರುತ್ತಿರಲಿಲ್ಲ.