ಜೆ.ಪಿ. ನಗರದಿಂದ ಅಮೆರಿಕಕ್ಕೆ ಸುತ್ತುದಾರಿ

ಜಯನಗರ ನಾಲ್ಕನೇ ಬ್ಲಾಕಿನ ದರ್ಶಿನಿಗಳಲ್ಲಿ ಬೈಟು ಕಾಫಿಯ ಜೊತೆ ಈಗ ವೀಸಾ ಲೆಕ್ಕವೂ ನಡೆಯುತ್ತದೆ. 2025ರ ಸೆಪ್ಟೆಂಬರಿನಲ್ಲಿ ಅಮೆರಿಕ, ಹೊರದೇಶದಲ್ಲಿರುವವರ ಹೊಸ ಎಚ್-1ಬಿ ಅರ್ಜಿಗೆ 1 ಲಕ್ಷ ಡಾಲರ್ ಶುಲ್ಕ ಹೇರಿತು. ಅದೇ ವರ್ಷದ ಜುಲೈನಲ್ಲಿ ಬ್ರಿಟನ್, ನುರಿತ ಕೆಲಸಗಾರರ ವೀಸಾಕ್ಕೆ ಬೇಕಾದ ಸಾಮಾನ್ಯ ಸಂಬಳದ ಮಿತಿಯನ್ನು ವರ್ಷಕ್ಕೆ 41,700 ಪೌಂಡಿಗೆ ಏರಿಸಿತ್ತು. ಎರಡು ವರ್ಷದ ಅನುಭವದ ರಿಸ್ಕ್ ಅನಲಿಸ್ಟ್‌ಗಾಗಿ ಯಾವ ಬ್ಯಾಂಕು ಅಷ್ಟು ಸುರಿದೀತು?

ಬಿಟಿಎಂ ಲೇಔಟಿನ ಪಿಜಿ ಕೋಣೆ ನೋಡಿ: ಮಂಚದ ಮೇಲೆ ಎಫ್‌ಆರ್‌ಎಂ (ಫೈನಾನ್ಷಿಯಲ್ ರಿಸ್ಕ್ ಮ್ಯಾನೇಜರ್) ಪರೀಕ್ಷೆಯ ಪುಸ್ತಕ, ಪಕ್ಕದಲ್ಲಿ ಆರಿದ ಚಹಾ, ಲ್ಯಾಪ್‌ಟಾಪಿನಲ್ಲಿ ಒಂದೇ ಸಾಲಿನ ನಿರಾಕರಣೆ. ಎರಡು ಹಂತದ ಆ ಪರೀಕ್ಷೆ ಪಾಸಾದರೆ ಬಯೋಡೇಟಾಕ್ಕೆ ತೂಕ ಬರುತ್ತದೆ, ವೀಸಾ ಬರುವುದಿಲ್ಲ.

ಹಾಗಾಗಿ ಸುತ್ತುದಾರಿಯೇ ಹತ್ತಿರ. ಗೋಲ್ಡ್‌ಮನ್ ಸ್ಯಾಕ್ಸ್ 2004ರಲ್ಲೇ ಬೆಂಗಳೂರಿಗೆ ಬಂತು; ವೆಲ್ಸ್ ಫಾರ್ಗೋ, ಜೆಪಿ ಮೋರ್ಗನ್ ಕೂಡ ಇಲ್ಲಿವೆ. ಇಂಥಲ್ಲಿ ಕನಿಷ್ಠ ಒಂದು ವರ್ಷ ದುಡಿದವರನ್ನು ಅದೇ ಸಂಸ್ಥೆ ಎಲ್-1 ವೀಸಾದಲ್ಲಿ ತನ್ನ ಅಮೆರಿಕ ಕಚೇರಿಗೆ ಕಳಿಸಬಹುದು. ಎಚ್-1ಬಿಗಿರುವ ಲಾಟರಿಯ ಕಾಟ ಇದಕ್ಕಿಲ್ಲ. ಆದರೆ ಮ್ಯಾನೇಜರ್ ಆಗಿರಬೇಕು, ಇಲ್ಲವೇ ಆ ಸಂಸ್ಥೆಯದೇ ವಿಶೇಷ ಜ್ಞಾನವಿರಬೇಕು. ಬ್ಯಾಂಕಿನ ಸ್ವಂತ ಸಾಲನಷ್ಟದ ಮಾದರಿಯನ್ನು ಕಟ್ಟಿ, ಪರೀಕ್ಷಿಸಿ ಕೈ ಪಳಗಿದವರು ತಮಗೆ ಅಂಥ ಜ್ಞಾನವಿದೆ ಎಂದು ವಾದಿಸಬಹುದು. ದಿನವಿಡೀ ಎಕ್ಸೆಲ್ ವರದಿ ತುಂಬುವವರಿಗೆ ಕಷ್ಟ.

ಇನ್ನು ಏಜೆಂಟರು. ಲಂಡನ್ನಿನಲ್ಲಿ ಸ್ಪಾನ್ಸರ್ ಹುಡುಕಿಕೊಡುತ್ತೇವೆಂದು ಲಕ್ಷಗಟ್ಟಲೆ ಕೇಳುತ್ತಾರೆ. ಸ್ಪಾನ್ಸರ್ ಪರವಾನಗಿ ಇರುವ ಸಂಸ್ಥೆಗಳ ಪಟ್ಟಿಯನ್ನು ಬ್ರಿಟನ್ ಸರ್ಕಾರವೇ ಪ್ರಕಟಿಸುತ್ತದೆ, ಅದೂ ಪುಕ್ಕಟೆಯಾಗಿ.