ಐವತ್ತು ಪ್ರತಿಗಳ ಚಿತ್ರಪುಸ್ತಕ

ಹಿರಿಯರ ಛಾಯಾಚಿತ್ರಗಳು ಗೋಡೆಯಿಂದ ಪೆಟ್ಟಿಗೆಗೂ ಪೆಟ್ಟಿಗೆಯಿಂದ ಗೆದ್ದಲಿನ ಬಾಯಿಗೂ ಹೋಗುವುದು ನಮ್ಮ ಸೀಮೆಯಲ್ಲಿ ಹೊಸತಲ್ಲ. 1972ರ ಬರಗಾಲದಲ್ಲಿ ಖಡಿ ಒಡೆಯುತ್ತ ಕುಳಿತವರ ಚಿತ್ರ, ಗುಡ್ಡಾಪುರದ ದಾನಮ್ಮದೇವಿಯ ಜಾತ್ರೆಗೆ ಹೊರಟ ಬಂಡಿಗಳ ಚಿತ್ರ, ಕನ್ನಡ ಶಾಲೆಯ ಮಕ್ಕಳು ಗುರುಗಳ ಸುತ್ತ ಸಾಲಾಗಿ ನಿಂತ ಚಿತ್ರ. ಜತ್ತ ತಾಲೂಕಿನ ಹಳ್ಳಿಗಳಲ್ಲಿ ಹುಡುಕಿದರೆ ಇಂಥವು ಇನ್ನೂ ದೊರೆತಾವು. ಆದರೆ ಅವುಗಳಲ್ಲಿರುವವರನ್ನು ಹೆಸರು ಹಿಡಿದು ಹೇಳಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಆದುದರಿಂದ ಈ ಚಿತ್ರಗಳನ್ನು ಹೆಸರುಸಹಿತ ಪುಸ್ತಕವಾಗಿಸಬೇಕೆಂಬ ವಿಚಾರ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳಲ್ಲಿ ಮೂಡಿದೆ. ಪುಸ್ತಕ ಬೇಕೆಂದ ಮನೆಗಳು ಐವತ್ತು. ಐವತ್ತೇ ಪ್ರತಿಗಳನ್ನು ಯಾರಿಂದ ಅಚ್ಚು ಮಾಡಿಸಬೇಕೆಂಬುದೇ ಈ ಸಲದ ವಿಚಾರ.

ಮೊದಲು ಲೆಕ್ಕ. ಆಫ್‌ಸೆಟ್ ಮುದ್ರಣದಲ್ಲಿ ಬಣ್ಣಕ್ಕೊಂದರಂತೆ ನಾಲ್ಕು ಪ್ಲೇಟುಗಳನ್ನು ಸಿದ್ಧಪಡಿಸಬೇಕು. ಹತ್ತು ಪ್ರತಿಗಾದರೂ ಸಾವಿರ ಪ್ರತಿಗಾದರೂ ಆ ವೆಚ್ಚ ತಪ್ಪದು. ಡಿಜಿಟಲ್ ಮುದ್ರಣಕ್ಕೆ ಪ್ಲೇಟು ಬೇಡ. ಆದರೆ ಪ್ರತಿಯೊಂದರ ಬೆಲೆ ಹೆಚ್ಚು. ಉದಾಹರಣೆಗಾಗಿ, ಆಫ್‌ಸೆಟ್ಟಿನ ಸಿದ್ಧತೆಗೆ 40,000 ರೂಪಾಯಿ, ಮೇಲೆ ಪ್ರತಿಗೆ 80 ರೂಪಾಯಿ. ಡಿಜಿಟಲ್ಲಿಗೆ ಪ್ರತಿಗೆ 600 ರೂಪಾಯಿ ಎಂದು ಹಿಡಿಯೋಣ. ಐವತ್ತು ಪ್ರತಿಗಳಿಗೆ ಮೊದಲನೆಯದು 44,000, ಎರಡನೆಯದು 30,000. ಇನ್ನೂರು ಪ್ರತಿಗಳಿಗಾದರೆ ಮೊದಲನೆಯದು 56,000, ಎರಡನೆಯದು 1,20,000. ದರಗಳು ಊರಿಂದೂರಿಗೆ ಬೇರೆಯಾದರೂ ಲೆಕ್ಕದ ರೀತಿ ಇದೇ. ಬೇಕಾದ ಪ್ರತಿಗಳ ಸಂಖ್ಯೆಯನ್ನು ನಿಶ್ಚಯಿಸಿಕೊಳ್ಳದೆ ಮುದ್ರಣಾಲಯದ ಮೆಟ್ಟಿಲು ಹತ್ತಬಾರದು.

ಕಡಿಮೆ ಪ್ರತಿಗಳನ್ನು ಮಾಡಿಕೊಡುವವರಲ್ಲಿ ಮೂರು ಬಗೆ. ಮದುವೆಯ ಆಲ್ಬಂ ತಯಾರಿಸುವವರು ಒಂದು. ಅವರ ಹಾಳೆಗಳು ದಪ್ಪ, ಚಿತ್ರ ಸೊಗಸು. ಆದರೆ ಪುಟಗಳು ಕಡಿಮೆ, ತೂಕ ಬಹಳ, ಬೆಲೆಯೂ ಹೆಚ್ಚು. ಬೇಡಿಕೆ ಬಂದಷ್ಟೇ ಪ್ರತಿಗಳನ್ನು ಅಚ್ಚು ಹಾಕುವ ಸಂಸ್ಥೆಗಳು ಎರಡನೆಯ ಬಗೆ. ಅಮೆರಿಕದಲ್ಲಿ ಐಲೀನ್ ಗಿಟಿನ್ಸ್ ಎಂಬವರು 2005ರಲ್ಲಿ ಸ್ಥಾಪಿಸಿದ ಬ್ಲರ್ಬ್ ಸಂಸ್ಥೆ ಚಿತ್ರಪುಸ್ತಕಗಳಿಗೆ ಹೆಸರಾಯಿತು. ಬೆಂಗಳೂರಿನಲ್ಲಿ 2008ರಲ್ಲಿ ಪೋಥಿ ಡಾಟ್ ಕಾಮ್ ಆರಂಭವಾಯಿತು. ಶ್ರಾವಣದಲ್ಲಿ ಪೋಥಿ ಓದಿಸುವ ನಮ್ಮ ಜನರಿಗೆ ಆ ಹೆಸರನ್ನು ಬಿಡಿಸಿ ಹೇಳಬೇಕಿಲ್ಲ. ಮೂರನೆಯದು ಸಾಂಗಲಿ, ಮಿರಜ, ವಿಜಯಪುರಗಳಂಥ ಊರುಗಳ ಡಿಜಿಟಲ್ ಮುದ್ರಕರು. ಅವರಲ್ಲಿಗೆ ಹೋಗಿ ಕಾಗದವನ್ನು ಕೈಯಿಂದ ಮುಟ್ಟಿ ನೋಡಬಹುದೆಂಬುದು ಸಣ್ಣ ಅನುಕೂಲವಲ್ಲ.

ಕಾಗದದ ಮಾತು ಬಂತು. ಕಥೆ-ಕಾದಂಬರಿಗಳಿಗೆ ಬಳಸುವ 70-80 ಜಿ.ಎಸ್.ಎಂ. ಕಾಗದದಲ್ಲಿ ಒಂದು ಮಗ್ಗುಲಿನ ಚಿತ್ರ ಇನ್ನೊಂದು ಮಗ್ಗುಲಿಗೆ ಕಾಣುತ್ತದೆ. ಚಿತ್ರಗಳಿಗೆ 130ರಿಂದ 170 ಜಿ.ಎಸ್.ಎಂ. ತೂಕದ, ಹೊಳಪಿಲ್ಲದ ಆರ್ಟ್ ಕಾಗದ ಒಪ್ಪುತ್ತದೆ. ಹೊಳಪಿನ ಕಾಗದವು ದೀಪದ ಬೆಳಕಿಗೆ ಮಿನುಗಿ ವೃದ್ಧರ ಕಣ್ಣಿಗೆ ತೊಂದರೆ ಕೊಡುತ್ತದೆ.

ಅಂಟಿನ ಕಟ್ಟಿನ ಪುಸ್ತಕ ನಡುವೆ ಪೂರ್ತಿ ತೆರೆಯದು. ಶಾಲೆಯ ಸಮೂಹಚಿತ್ರವನ್ನು ಎರಡು ಪುಟಗಳಿಗೆ ಹರಡಿದರೆ ನಡುವೆ ನಿಂತ ಹುಡುಗನ ಮುಖ ಬೆನ್ನಿನ ಸಂದಿಯಲ್ಲಿ ಅಡಗಿಹೋಗುತ್ತದೆ. ಅವನ ಮನೆಯವರು ಪುಸ್ತಕ ಕೊಂಡದ್ದು ಆ ಮುಖಕ್ಕಾಗಿಯೇ ಅಲ್ಲವೇ? ಆದುದರಿಂದ ಅಂಥ ಚಿತ್ರವನ್ನು ಪುಸ್ತಕವನ್ನು ಅಡ್ಡಲಾಗಿಸಿಯಾದರೂ ಒಂದೇ ಪುಟದಲ್ಲಿರಿಸಬೇಕು. ಸಾಧ್ಯವಿದ್ದರೆ ದಾರದಿಂದ ಹೊಲಿದ ಕಟ್ಟನ್ನು ಕೇಳಬೇಕು.

ಚಿತ್ರಗಳನ್ನು ಕಳುಹಿಸುವ ಕ್ರಮವೂ ಮುಖ್ಯ. ಅಚ್ಚಿಗೆ ಅಂಗುಲಕ್ಕೆ 300 ಚುಕ್ಕೆಗಳು ಬೇಕು. 3 ಅಂಗುಲ ಅಗಲದ ಹಳೆಯ ಚಿತ್ರವನ್ನು 6 ಅಂಗುಲಕ್ಕೆ ಹಿಗ್ಗಿಸುವುದಿದ್ದರೆ 600ರಲ್ಲಿ ಸ್ಕ್ಯಾನ್ ಮಾಡಿಸಬೇಕು. ವಾಟ್ಸಾಪಿನಲ್ಲಿ ಸಾಧಾರಣ ರೀತಿಯಲ್ಲಿ ಕಳುಹಿಸಿದ ಚಿತ್ರ ಕುಗ್ಗಿಹೋಗಿರುತ್ತದೆ. ಮೊಬೈಲಿನ ಪರದೆಯಲ್ಲಿ ಚೆಂದ ಕಂಡದ್ದು ಕಾಗದದ ಮೇಲೆ ಮಸುಕಾಗುವುದಕ್ಕೆ ಇದೇ ಕಾರಣ. ಡಾಕ್ಯುಮೆಂಟ್ ಎಂದು ಆರಿಸಿ ಕಳುಹಿಸಿದರೆ ಮೂಲದಂತೆಯೇ ತಲುಪುತ್ತದೆ.

ಇನ್ನು ಗಡಿಯವರಾದ ನಮಗೇ ವಿಶೇಷವಾದ ತೊಡಕು, ಕನ್ನಡ ಅಕ್ಷರದ್ದು. ಮರಾಠಿಯಲ್ಲಿ ನಮ್ಮ ತಾಲೂಕು 'ಜತ', ಕನ್ನಡದಲ್ಲಿ 'ಜತ್ತ'. ಊರ ಹೆಸರಿನಲ್ಲೇ ಒತ್ತಕ್ಷರವಿದೆ! ಕನ್ನಡದ ಅಕ್ಷರವಿನ್ಯಾಸ ತಮ್ಮಲ್ಲಿಲ್ಲದ ಗಣಕಯಂತ್ರದಲ್ಲಿ ನಮ್ಮ ಕಡತವನ್ನು ತೆರೆದರೆ ಒತ್ತು ಒಂದು ಕಡೆ, ಅಕ್ಷರ ಇನ್ನೊಂದು ಕಡೆ ಚದುರಬಹುದು. ಇಡೀ ಸಾಲೇ ಅರ್ಥವಿಲ್ಲದ ಗುರುತುಗಳಾಗಿಬಿಡಬಹುದು. ಮುದ್ರಕರು ಕನ್ನಡ ಬಲ್ಲವರಲ್ಲದಿದ್ದರೆ ತಪ್ಪು ಅವರ ಕಣ್ಣಿಗೆ ಬೀಳುವಂತಿಲ್ಲ. ಆದುದರಿಂದ ಅಕ್ಷರವಿನ್ಯಾಸವನ್ನು ಒಳಗೊಂಡ ಪಿ.ಡಿ.ಎಫ್. ಕಡತವನ್ನೇ ಕೊಡಬೇಕು.

ಇಷ್ಟಾದರೂ ಪರದೆಯನ್ನು ನಂಬಿ ಒಪ್ಪಿಗೆ ಕೊಡಲಾಗದು. ಪರದೆಯ ಬಣ್ಣ ಬೆಳಕಿನದು, ಕಾಗದದ ಬಣ್ಣ ಶಾಯಿಯದು. ಕಪ್ಪು-ಬಿಳುಪಿನ ಚಿತ್ರಕ್ಕೆ ನಾಲ್ಕು ಶಾಯಿಗಳು ಕೂಡಿದಾಗ ಹಸಿರಿನ ಅಥವಾ ಕೆಂಪಿನ ಛಾಯೆ ಬರುವುದುಂಟು. ಅದಕ್ಕಾಗಿ ಮೊದಲು ಒಂದೇ ಪ್ರತಿಯನ್ನು ಹಣ ಕೊಟ್ಟು ತರಿಸಬೇಕು; ಅದನ್ನು ಊರ ಹಿರಿಯರ ಮುಂದಿಟ್ಟು ಮುಖ, ಹೆಸರು, ಇಸವಿಗಳನ್ನು ಒಂದೊಂದಾಗಿ ತಿದ್ದಿಸಬೇಕು. ಉಳಿದ ನಲವತ್ತೊಂಬತ್ತು ಆಮೇಲೆ. ಮಾದರಿ ಪ್ರತಿಯನ್ನು ಕೊಡಲೊಪ್ಪದವರು ಪ್ರತಿಗೆ ನೂರು ರೂಪಾಯಿ ಇಳಿಸಿದರೂ ಅವರ ಗೊಡವೆ ಬೇಡ.

ಇನ್ನೆರಡು ಮಾತು. ಇಂಥ ಸಂಸ್ಥೆಗಳಲ್ಲಿ ಪುಸ್ತಕವನ್ನು ಎಲ್ಲರಿಗೂ ಮಾರಾಟಕ್ಕಿಡುವ ಅವಕಾಶವುಂಟು. ಹೆಣ್ಣುಮಕ್ಕಳ, ಮಕ್ಕಳ ಚಿತ್ರಗಳಿರುವ ಮನೆತನದ ಪುಸ್ತಕಕ್ಕೆ ಅದು ಸಲ್ಲದು. ಎಲ್ಲರ ಸಮ್ಮತಿ ಮೊದಲು. ಮಾರಾಟಕ್ಕೇ ಇಡುವುದಾದರೆ ಐ.ಎಸ್.ಬಿ.ಎನ್. ಸಂಖ್ಯೆಯನ್ನು ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಸಂಸ್ಥೆ ಶುಲ್ಕವಿಲ್ಲದೆ ಕೊಡುತ್ತದೆ. ಮುದ್ರಣದ ಕಡತವನ್ನು ನಮ್ಮಲ್ಲಿಯೂ ಎರಡು ಕಡೆ ಕಾದಿಡಬೇಕು. ಐವತ್ತೊಂದನೆಯ ಮನೆಯವರು ಮುಂದೆ ಕೇಳಿದಾಗ ಒಂದೇ ಪ್ರತಿ ಮಾಡಿಸಿಕೊಡಬಹುದೆಂಬುದೇ ಈ ಪದ್ಧತಿಯ ದೊಡ್ಡ ಲಾಭ.

ಮುದ್ರಕರ ಆಯ್ಕೆಗೆ ಆರು ತಿಂಗಳು ತಡವಾದರೂ ಅಡ್ಡಿಯಿಲ್ಲ. ಹೆಸರುಗಳ ಕೆಲಸ ತಡೆಯದು. ವಾಚಕರು ಈ ತಿಂಗಳೇ ಮನೆಯ ಪೆಟ್ಟಿಗೆ ತೆರೆದು ಅಜ್ಜ-ಅಜ್ಜಿಯರ ಬಳಿ ಕುಳಿತುಕೊಳ್ಳಲಿ. ಪ್ರತಿಯೊಂದು ಚಿತ್ರದ ಹಿಂದೆ ಮೃದುವಾದ ಪೆನ್ಸಿಲಿನಿಂದ, ಒತ್ತದೆ, ಎಡದಿಂದ ಬಲಕ್ಕೆ ಹೆಸರುಗಳನ್ನು ಬರೆದಿಡಲಿ.